ಹಸಿ ಬೆಸುಗೆ

ಹನ್ನೊಂದು ದಿನ ಕಡಿಮೆ.
ಮೋನ್ಫಾಲ್ಕೋನೆಯ ನಮ್ಮ ಅಡುಗೆಮನೆಯ ಗೋಡೆಗೆ
ಮಾಂಸದಂಗಡಿಯವನು ಕೊಟ್ಟ ಕ್ಯಾಲೆಂಡರು.
ಎಜಿದಿಯೋ ಪೆನ್ಸಿಲ್ಲಿನಿಂದ ಎಣಿಸುತ್ತಾನೆ,
ಮತ್ತೆ ಎಣಿಸುತ್ತಾನೆ,
ದಿನಗಳು ಬಸ್ಸಿನ ಸೀಟಿನವರಂತೆ
ಕೊಂಚ ಸರಿದು ಜಾಗ ಕೊಟ್ಟಾವೆನ್ನುವ ಹಾಗೆ.

ತ್ರಿಯೆಸ್ತೆಯಿಂದ ಹಡಗು ಹೊರಡುವುದು ಸೆಪ್ಟೆಂಬರ್ ಒಂಬತ್ತಕ್ಕೆ.
ಒಂದಿನಾಗೆ ಆರು ತಿಂಗಳು ತುಂಬುವುದು ಇಪ್ಪತ್ತಕ್ಕೆ.
ಆರು ತುಂಬದ ಕೂಸನ್ನು ಹತ್ತಿಸಿಕೊಳ್ಳುವುದಿಲ್ಲವಂತೆ.
ಫೋನಿನ ಹುಡುಗಿಯ ದನಿ ಬೆಣ್ಣೆ, ಮಾತು ಕಲ್ಲು.
"ನೀನಾದರೂ ಸ್ವಲ್ಪ ಅವಸರ ಮಾಡಿ ಹುಟ್ಟಬಾರದಿತ್ತೇ"
ಎಂದೆ ಮಗಳ ಕಿವಿಯಲ್ಲಿ.
ಅವಳು ನನ್ನ ಮೂಗು ಹಿಡಿದು ಎಳೆದಳು.

ಎಲ್ಲರ ಬಾಯಲ್ಲೂ ಒಂದೊಂದು ಲೆಕ್ಕ.
ಅತ್ತೆ ಹೇಳುತ್ತಾಳೆ: ಕಾಲು ಬರುವ ಮುಂಚೆಯೇ ಹೋಗಿಬಿಡು,
ಇಟ್ಟಲ್ಲಿ ಇರುತ್ತದೆ, ಎದೆಹಾಲೊಂದಿದ್ದರೆ
ಕೂಸಿಗೆ ಊರೇನು, ಕಡಲೇನು.
ವೈದ್ಯೆ ಹೇಳುತ್ತಾಳೆ: ದಡಾರದ ಚುಚ್ಚುಮದ್ದಾಗಲಿ, ವರ್ಷ ತುಂಬಲಿ.
ಕೆಳಮನೆಯ ರೊಕೇಯಾ, ಅವಳ ಗಂಡ ಈಗ
ಅಪ್ಪ ದುಡಿದ ಯಾರ್ಡಿನಲ್ಲೇ ಬೆಸುಗೆ ಹಾಕುತ್ತಾನೆ,
ನಗುತ್ತಾಳೆ: ಬಾಯಿಗೆ ಮೊದಲ ಅನ್ನ ಬೀಳಲಿ,
ಆಮೇಲೆ ನೋಡಿದರಾಯಿತು ಪ್ರಪಂಚ.

ತುಲ್ಲಿಯೋನದು ಬೇರೆಯೇ ಕತೆ.
ಎರಡೂವರೆ ವರ್ಷ, ಇನ್ನೂ ಡೈಪರು.
ಡೈಪರಿನವರು ಹಡಗಿನ ಕೊಳಕ್ಕೆ ಇಳಿಯುವಂತಿಲ್ಲ,
ಮಕ್ಕಳ ಕೋಣೆಗೆ ಮೂರು ತುಂಬಿರಬೇಕು.
ಅವನಿಗೆ ಮೂರಾಗುವಾಗ ಇವಳು ಅಂಬೆಗಾಲು,
ಇವಳು ನಡೆಯುವಾಗ ರೇಲಿಂಗಿನ ಸಂದು,
ಇವಳಿಗೆ ನೆನಪು ಉಳಿಯುವ ವಯಸ್ಸಿಗೆ
ಅವನಿಗೆ ಶಾಲೆ.
ಎಲ್ಲ ಬಾಗಿಲೂ ಒಟ್ಟಿಗೆ ತೆರೆದ ದಿನ
ಈ ಕ್ಯಾಲೆಂಡರಿನಲ್ಲಿ ಹುಡುಕಿ ಸಾಕಾಯಿತು.

ಕಿಟಕಿಯ ಪಕ್ಕ ಅಪ್ಪ.
ಮೂವತ್ತೊಂದು ವರ್ಷ ಹಡಗು ಕಟ್ಟಿದವನು,
ಒಂದನ್ನೂ ಹತ್ತಿದವನಲ್ಲ.
ಸೆಪ್ಟೆಂಬರಿನದು ಅವನು ಕೊನೆಗೆ ಕೈಯಿಟ್ಟ ಹಡಗು.
ಈಗ ಮಂಡಿಯ ಹತ್ತಿರ ಆಮ್ಲಜನಕದ ಸಿಲಿಂಡರು
ಸಾಕಿದ ನಾಯಿಯಂತೆ ಕೂತಿರುತ್ತದೆ.
ಕಂಪನಿಯ ಕಾಗದದಲ್ಲಿ ಕೂಸಿಗೆ ತಿಂಗಳ ಲೆಕ್ಕವಿದೆ.
ಅಪ್ಪನಿಗೆ ಎಷ್ಟು ತಿಂಗಳೆಂದು
ಯಾವ ಕಾಗದವೂ ಹೇಳುವುದಿಲ್ಲ.

"ನಾನು ಇವಳೊಂದಿಗೆ ಉಳಿಯುತ್ತೇನೆ, ನೀವು ಹೋಗಿಬನ್ನಿ" ಎಂದೆ.
ಅಪ್ಪ ಬಹಳ ಹೊತ್ತು ಉಸಿರು ಕೂಡಿಸಿಕೊಂಡ.
"ಬೆಸುಗೆ ಹಸಿಯಿದ್ದಾಗ ಮುಟ್ಟಬಾರದು, ನೇರಿಯಾ.
ನೋಡಲಿಕ್ಕೆ ಗಟ್ಟಿಯಾಗಿಯೇ ಇರುತ್ತದೆ.
ನೀರು ಹೊಯ್ದು ಆರಿಸುತ್ತಾರೆ ಅವಸರದವರು,
ಒಳಗೊಳಗೇ ಬಿರುಕು ಬಿಡುತ್ತದೆ.
ಇದೂ ಹಸಿಗೂಸು. ಇರಲಿ ಬಿಡು.
ಹೋದರೆ ಎಲ್ಲರೂ ಹೋಗೋಣ."

ಮತ್ತೆ ಆ ಹಡಗು ಇಲ್ಲಿಗೆ ಬರುವುದು ಏಪ್ರಿಲಿಗೆ.
ಏಪ್ರಿಲ್ ಎಂದಾಗ ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಬರುವ ವರ್ಷದ ಕ್ಯಾಲೆಂಡರು ಕೈಗೆ ಸಿಗುವುದು ಡಿಸೆಂಬರಿನಲ್ಲಿ,
ಅಪ್ಪ ಪೆನ್ಸಿಲು ಇಸಿದುಕೊಂಡು
ಹಾಳೆಯ ಆಚೆ, ಸುಣ್ಣದ ಗೋಡೆಯ ಮೇಲೆಯೇ
ಬರೆದ: ಏಪ್ರಿಲ್ ಹದಿನಾಲ್ಕು.
ಅಲ್ಲಿ ಕೊಂಚ ಸುಣ್ಣ ಉದುರಿತು.
ನಾನಿನ್ನೂ ಗುಡಿಸಿಲ್ಲ.

ಒಂಬತ್ತರ ಸಂಜೆ ತ್ರಿಯೆಸ್ತೆಯ ಕಟ್ಟೆಗೆ ಹೋದೆವು.
ಹಡಗು ಒಂದು ಬೀದಿಯೇ ಎದ್ದು ಹೊರಟಂತೆ ಹೊರಟಿತು.
ಕೂಗಿಗೆ ಬೆಚ್ಚಿದ ಒಂದಿನಾಗೆ ಬಿಕ್ಕಳಿಕೆ ಹತ್ತಿತು.
"ನಿನ್ನದು ಯಾವುದು ತಾತಾ?" ಎಂದ ತುಲ್ಲಿಯೋ,
ಹದಿನೈದು ಮಹಡಿಯ ದೀಪಗಳಿಗೆ ಬೆರಳು ತೋರಿ.
"ಅವು ಯಾವುದೂ ಅಲ್ಲ. ನನ್ನದು ನೀರಿನ ಕೆಳಗಿದೆ. ಕಾಣುವುದಿಲ್ಲ."

ಹುಡುಗ ಯೋಚಿಸಿದ.
ಎಲ್ಲರೂ ಮೇಲೆ ನೋಡಿ ಕೈಬೀಸುವಾಗ
ಕಟ್ಟೆಯಂಚಿನಲ್ಲಿ ಎಜಿದಿಯೋನ ಕೈ ಹಿಡಿದು ಬಗ್ಗಿ
ನೀರಿಗೆ ಟಾಟಾ ಮಾಡಿದ.