ಕಲೆಕ್ಷನ್

ಚಿಕ್ಕಮಗಳೂರು ಡಿಪೋದಲ್ಲಿ ರಾತ್ರಿ ಎಲ್ಲರೂ ಕೇಳುವುದು ಒಂದೇ:
ಇವತ್ತು ಕಲೆಕ್ಷನ್ ಎಷ್ಟು?
ನಾನು ಹೇಳುತ್ತೇನೆ: ಆರು.
ಕ್ಯಾಶಿಯರ್ ಕನ್ನಡಕ ಏರಿಸಿ ನೋಡುತ್ತಾನೆ.

ಶುರುವಾದದ್ದು ಹತ್ತು ರೂಪಾಯಿ ಕಮ್ಮಿ ಬಿದ್ದ ದಿನ.
ಆಲ್ದೂರಿನಿಂದ ಬರುವ ಕೊನೆಯ ಬಸ್ಸು,
ಒಳಗಿನ ಎರಡು ದೀಪದಲ್ಲಿ ಒಂದು ಸತ್ತಿತ್ತು.
ಹೆಂಗಸರಿಗೆಲ್ಲ ಈಗ ಸೊನ್ನೆಯ ಚೀಟಿ,
ಚಿಲ್ಲರೆಯ ಜಗಳ ಏನಿದ್ದರೂ ಗಂಡಸರದು.
ಕಂಬಳಿ ಹೊದ್ದ ಮುದುಕನೊಬ್ಬ, ಎಸ್ಟೇಟಿನ ಲೈನ್‌ಮನೆಯವನಿರಬೇಕು,
ಎಲೆಅಡಿಕೆ ಚೀಲದ ತಳ ಕೆದಕಿ ಕೈಗೆ ಹಾಕಿದ.
ಭಾರವಿತ್ತು. ಅಷ್ಟೇ ಗೊತ್ತಾದದ್ದು.

ಲೆಕ್ಕ ಕಟ್ಟುವಾಗ ಮೇಜಿನ ಮೇಲೆ ಅದು
ಬೇರೆ ಥರ ಸದ್ದು ಮಾಡಿತು.
ಕಾಫಿ ಬೀಜ ಹುರಿದು ಇಳಿಸುವ ಹೊತ್ತಿನ ಬಣ್ಣ,
ಒಂದು ಕಡೆ ಗಡ್ಡದ ದೊರೆ,
ಇನ್ನೊಂದು ಕಡೆ ತ್ರಿಶೂಲ ಹಿಡಿದು ಕೂತ ಹೆಣ್ಣು.
"ಯಾವೂರ ಮಾರಮ್ಮನೋ," ಅಂದ ಡ್ರೈವರ್ ನಂಜಾಚಾರಿ,
"ಹೆಲ್ಮೆಟ್ ಹಾಕವ್ಳೆ ನೋಡು, ನಮ್ಮ ಹುಡುಗರಿಗಿಂತ ವಾಸಿ."
ಹತ್ತು ರೂಪಾಯಿ ನನ್ನ ಜೇಬಿನಿಂದ ಕಟ್ಟಿ
ಅವಳನ್ನು ಮನೆಗೆ ಕರೆತಂದೆ.

ಹುಣಸೆಹಣ್ಣು, ಕಲ್ಲುಪ್ಪು, ತೆಂಗಿನ ನಾರು:
ಹೇಮಾವತಿ ದೀಪ ಬೆಳಗುವ ಶುಕ್ರವಾರವೇ
ಇವಳಿಗೂ ಸ್ನಾನ.
ಥಳಥಳ! ಮದುವೆಮನೆಯ ತಂಬಿಗೆ ಸೋಲಬೇಕು.
ಹೊಳಪು ಆರುವ ಮುಂಚೆಯೇ ಓಡಿದೆ
ಎಂ.ಜಿ. ರಸ್ತೆಯ ವಾಚ್ ರಿಪೇರಿ ಲಿಗೋರಿ ಸಲ್ದಾನಾರ ಬಳಿಗೆ.
ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರು.
ಒಂದು ನಿಮಿಷ ಮಾತಿಲ್ಲ.
ಆಮೇಲೆ ಮೆಲ್ಲಗೆ, ಆಸ್ಪತ್ರೆಯಲ್ಲಿ ಕೇಳುವ ಹಾಗೆ:
"ಯಾರ್ರೀ ತೊಳೆದದ್ದು ಇದನ್ನ?"

ನೂರು ವರ್ಷದ ಕೈಗಳು ಕೊಟ್ಟ ಬಣ್ಣವಂತೆ.
ಕೊಳೆಯಲ್ಲವಂತೆ, ಚರ್ಮವಂತೆ.
ಅರ್ಧ ಗಂಟೆಯಲ್ಲಿ ನಾನು ಸುಲಿದಿದ್ದೆ.

ಮುಖ ಮುಟ್ಟಬಾರದು,
ಬಿಸಿ ಟೀ ಗ್ಲಾಸಿನ ಹಾಗೆ ಅಂಚು ಹಿಡಿಯಬೇಕು,
ಮೊದಲು ನೋಡುವುದು ಇಸವಿ. ನೋಡಿದೆ:
ಸಾವಿರದ ಒಂಬೈನೂರ ಹನ್ನೆರಡು,
ಪಕ್ಕದಲ್ಲಿ ಸಾಸಿವೆಯಷ್ಟು ಒಂದು ಎಚ್.
"ಹಾಸನ!" ಅಂದೆ. ಹುಟ್ಟೂರಿನ ಅಭಿಮಾನ.
ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯ ಗುರುತು ಅಂತ
ಅವರು ನಕ್ಕು ಮುಗಿಸಿದ ಮೇಲೆ ತಿಳಿಯಿತು.

ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್,
ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡ್.
ಆ ದೇಶದ ಕಂಡಕ್ಟರುಗಳನ್ನು ನೆನೆದು ಕರುಳು ಚುರುಕ್ಕೆಂದಿತು.
ಮೂಡಿಗೆರೆ ಹ್ಯಾಂಡ್‌ಪೋಸ್ಟಿನ ತಿರುವಿನಲ್ಲಿ
ಕಂಬಿಗೆ ಬೆನ್ನು ಕೊಟ್ಟು, ಒಂಟಿಕಾಲಲ್ಲಿ ನಿಂತು
ಪೌಂಡು ಮುರಿದು ಏಳು ಪೆನ್ನಿ ಕಳೆಯಿರಿ ನೋಡೋಣ!

ಮಷಿನ್ ಬಂದಾಗ ಅಟ್ಟ ಸೇರಿದ್ದ ಹಳೆಯ ಟಿಕೆಟ್ ಟ್ರೇ
ಈಗ ಕೆಳಗಿಳಿದಿದೆ.
ಎರಡು ರೂಪಾಯಿ, ಐದು ರೂಪಾಯಿ ಕಂತೆ ಕೂರುತ್ತಿದ್ದ ಮನೆಗಳಲ್ಲಿ
ಹಾಸನದ ಕಟ್ಟಿನಕೆರೆ ಗುಜರಿಯಲ್ಲಿ ಸಿಕ್ಕ ಫಾರ್ದಿಂಗ್,
ಅದರ ಮೇಲೆ ಬಾಲ ನಿಮಿರಿಸಿದ ಪುಟಾಣಿ ಹಕ್ಕಿ;
ಅರ್ಧ ಪೆನ್ನಿ ಎರಡು;
ಮೂಗು ಸವೆದು ಥೇಟ್ ನಮ್ಮತ್ತೆಯಂತಾದ ವಿಕ್ಟೋರಿಯಾ ರಾಣಿ;
ನಕಲಿ ಅಂತ ಆಮೇಲೆ ಗೊತ್ತಾದ ಒಂದು ಶಿಲ್ಲಿಂಗ್.
ಇನ್ನೂರು ಕೊಟ್ಟಿದ್ದೆ. ಎಸೆದಿಲ್ಲ.
ಇಸ್ಕೂಲ್ ಫೀಸು ಅಂತ ಇಟ್ಟುಕೊಂಡಿದ್ದೇನೆ.
ಮತ್ತೆ ಅವಳು, ತೊಳೆಸಿಕೊಂಡವಳು,
ಮೊದಲ ಮನೆಯಲ್ಲಿ, ಮೆಲ್ಲಗೆ ಕಪ್ಪಾಗುತ್ತ.

"ಇಷ್ಟಕ್ಕೂ ಸೇರಿ ಒಂದು ಬೆಂಕಿಪೊಟ್ಟಣ ಬರತ್ತಾ?"
ಕೇಳುತ್ತಾಳೆ ಹೇಮಾವತಿ. ಬರುವುದಿಲ್ಲ.
ಆದರೆ ಶುಕ್ರವಾರ ಹುಣಸೆಹಣ್ಣು ನೆನೆಹಾಕುವ ಮೊದಲು
ಟ್ರೇ ಎತ್ತಿ ಕಪಾಟಿನ ಮೇಲಿಡುವವಳು ಅವಳೇ.

ಮೊನ್ನೆ ಅದೇ ಬಸ್ಸು, ಅದೇ ಕಂಬಳಿ.
ದೀಪ ಈಗ ಎರಡೂ ಉರಿಯುತ್ತವೆ.
ಮುದುಕ ಚೀಲದ ದಾರ ಸಡಿಲಿಸಿದ,
ಸುಣ್ಣದ ಡಬ್ಬಿ ಸರಿಸಿದ, ಹೊಗೆಸೊಪ್ಪು ಸರಿಸಿದ,
ತಳಕ್ಕೆ ಬೆರಳಿಳಿಸಿದ.
ನಾನು ಬಗ್ಗಿದೆ. ಹಿಂದೆ ಯಾರೋ ಕೂಗುತ್ತಿದ್ದರು,
ಕಂಡಕ್ಟ್ರೇ, ನಿದ್ದೆನಾ?
ಅಂಗೈಗೆ ಬಿದ್ದದ್ದು ಹತ್ತು ರೂಪಾಯಿ.
ಅಸಲಿ ಹತ್ತು ರೂಪಾಯಿ.

ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ
ಸರಿಯಾದ ಚಿಲ್ಲರೆ ಕೊಟ್ಟವನ ಮೇಲೆ
ಸಿಟ್ಟು ಬಂದದ್ದು ಅದೇ ಮೊದಲು.
ರೈಟ್, ಅಂದೆ.