ಸೈಲೋ ನೆರಳು

ಮೊದಲ ಸಲ ಬಂದಾಗ ಪೆಟ್ರೋಲ್ ಪಂಪು ಕೊಂಡ,
ಎರಡನೆಯ ಸಲ ಪಾಯಿಂಟು, ಕಂಡೆನ್ಸರು,
ಮೂರನೆಯ ಸಲ ಆರು ಪ್ಲಗ್ಗು, ಜೊತೆಗೊಂದು ಬೈಗುಳ.
ಮೂಂಟಾದಲ್ಲಿ ಬಿಡಿಭಾಗದ ಅಂಗಡಿ ಒಂದೇ,
ಕೌಂಟರಿನ ಈಚೆ ನಾನೊಬ್ಬಳೇ.

ಟ್ರೆವೆನಾ ಮುದುಕನದು ಅರವತ್ತನಾಲ್ಕರ ಹೋಲ್ಡನ್,
ಬಾಡಿದ ಬಸಳೆಯ ಹಸಿರು.
"ಮನೆಯಿಂದ ಹೊರಡುವಾಗ ಕುದುರೆ.
ಆರ್ಥರ್ಟನ್ನಿನ ಗೋಧಿ ಸೈಲೋ ಬಂತೋ, ಕೆಮ್ಮಿ ನಿಲ್ಲುತ್ತದೆ.
ಇಪ್ಪತ್ತು ನಿಮಿಷ ಸುಮ್ಮನೆ ಕೂತರೆ
ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ.
ಆ ಜಾಗವೇ ಸರಿಯಿಲ್ಲ ಕಣಮ್ಮಾ."

ಜಾಗವಲ್ಲ, ಹೊತ್ತು ಎಂದೆ.
ಊರಾಚೆ ಸುತ್ತು ಹೊಡೆಸಿ ತಂದು ಬಾನೆಟ್ ಎತ್ತಿಸಿದೆ.
ಜನವರಿ. ನಲವತ್ತೊಂದು ಡಿಗ್ರಿ.
ಕಾಯಿಲ್ ಮುಟ್ಟಿದ ಬೆರಳು ತಾನಾಗಿ ಹಿಂದೆ ಬಂತು.
ಅದರ ಕತ್ತಿನ ಸುತ್ತ ಎಣ್ಣೆಯ ಬೆವರು,
ಸುಟ್ಟ ವಾರ್ನಿಷ್ಷಿನ ವಾಸನೆ:
ಗಜೇಂದ್ರಗಡ, ಅಪ್ಪನ ರಿವೈಂಡಿಂಗ್ ಅಂಗಡಿ,
ಹೊಟ್ಟೆ ಬಗೆದ ಪಂಪ್‌ಸೆಟ್ ಮೋಟರಿನ ಮುಂದೆ
ಸುತ್ತು ಎಣಿಸುತ್ತಿದ್ದ ಎಂಟು ವರ್ಷದ ನಾನು.
ಅಷ್ಟಕ್ಕೇ ಬಿಟ್ಟೆ. ಗಿರಾಕಿ ಕಾಯುತ್ತಿದ್ದ.

ಬಿಚ್ಚಿ, ಆರಲು ಬಿಟ್ಟು, ಮೀಟರು ಹಿಡಿದೆ.
ಒಂಬತ್ತು ಸಾವಿರ ಓಮು. ಏನೂ ಕೊರೆಯಿಲ್ಲ.
"ನೋಡಿದೆಯಾ," ಎಂದ.
ತಡಿ,
ಡಾಕ್ಟರ ಎದುರು ಕೂತಾಗ ಯಾವ ಹಲ್ಲೂ ನೋಯುವುದಿಲ್ಲ.
ಕೂದಲು ಒಣಗಿಸುವ ಡ್ರೈಯರು ತಂದು
ಡಬ್ಬಿಯ ಮೈಗೆ ಊದುತ್ತ ನಿಂತೆ, ಹಾಡು ಗುನುಗುತ್ತ.
ಅಂಕಿ ಏರಿತು. ತಡವರಿಸಿತು.
ಇಲ್ಲವಾಯಿತು.
ಒಳಗೆಲ್ಲೋ ಕೂದಲಿಗಿಂತ ಸಪೂರ ತಂತಿ
ಕಾದಾಗ ಕೈ ಬಿಡುತ್ತದೆ, ಆರಿದಾಗ ಹಿಡಿದುಕೊಳ್ಳುತ್ತದೆ.
ಅಂಥ ಸಂಸಾರಗಳನ್ನೂ ಬಲ್ಲೆ. ಹೇಳಲಿಲ್ಲ.

ಹೊಸದು ಮೂರು ಓಮಿನದು, ಬ್ಯಾಲಸ್ಟ್ ಬೇಡದ್ದು.
ಮೈನಸ್ಸಿನ ತಂತಿ ಡಿಸ್ಟ್ರಿಬ್ಯೂಟರಿಗೆ ಎಂದು
ಅವನ ಅಂಗೈ ಮೇಲೇ ಬರೆದುಕೊಟ್ಟೆ.
ಹಣ್ಣೆಲೆ ಬಣ್ಣದ ಕಿಡಿ ಹೋಗಿ
ಚಟ್ ಚಟ್ ನೀಲಿ, ಹಗಲಲ್ಲೂ ಕಾಣುವಷ್ಟು.

ಹಳೆಯದನ್ನು ಕೇಳಿ ತೆಗೆದುಕೊಂಡ.
"ಒಳಗಿನದು ಈ ಊರ ತಾಮ್ರವೇ ಇರಬೇಕು,
ನಮ್ಮ ತಾತ ಅಗೆದದ್ದು."
ಗಣಿ ಮುಚ್ಚಿದ ನಲವತ್ತು ವರ್ಷಕ್ಕೆ ಹುಟ್ಟಿದ ಕಾರು ಅದು.
ನಾನು ಬಿಲ್ಲು ಹರಿದು ಕೊಟ್ಟೆ.

ಮೊನ್ನೆ ಮೇಟ್‌ಲ್ಯಾಂಡಿಗೆ ಸರಕು ಒಯ್ಯುವಾಗ ಕಂಡೆ:
ಸೈಲೋ ನೆರಳಲ್ಲಿ ನಿಂತ ಹಸಿರು ಹೋಲ್ಡನ್.
ಎದೆ ಧಸಕ್ಕೆಂದಿತು. ಮಾರಿದವಳು ನಾನು.
ಬಾಗಿಲು ತೆರೆದಿಟ್ಟು, ಕಾಲು ಹೊರಚಾಚಿ,
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಕುಡಿಯುತ್ತಿದ್ದ.
"ಏನೂ ಕೆಟ್ಟಿಲ್ಲ," ಎಂದ,
"ಇದು ನಾವು ನಿಲ್ಲುವ ಜಾಗ."

ಎಂಜಿನ್ ಮಾತ್ರ
ಆರಿಸಿರಲಿಲ್ಲ.