ಸೀವಾಳಿ ನೆನೆಯುವಷ್ಟು ಹೊತ್ತು

ಗಲ್ಲ ಸ್ವಲ್ಪ ಮೇಲಕ್ಕೆ ಸಾರ್. ಹಾಂ, ಹಾಗೇ.
ಅಂಗಡಿ ನಾಲ್ಕು ದಿನ ಮುಚ್ಚಿತ್ತಲ್ಲ, ಅದೇ, ಡೆಲ್ಲಿ.
ಮಂಡಿ ಅಶ್ವತ್ಥರೆಡ್ಡಿಯವರ ಮೊಮ್ಮಗಳ ಮದುವೆ,
ಶ್ರೀನಿವಾಸಪುರದ ಓಲಗವಿಲ್ಲದೆ ತಾಳಿ ಕಟ್ಟಿಸೊಲ್ಲ ಅಂತ
ವಿಮಾನದ ಟಿಕೆಟ್ಟೇ ಕಳಿಸಿಬಿಟ್ಟರು.

ಕೈಯಲ್ಲಿ ಏಳು ಕೆಜಿ, ಅಷ್ಟೇ, ಅಂದರು.
ಮಂಡಿಯ ತಕ್ಕಡಿ ಮೇಲೆ, ಬಾದಾಮಿ ಕಾಯಿ ಇಳಿಸಿ,
ನನ್ನ ಡೋಲು ಇಟ್ಟೆವು. ಮುಳ್ಳು ಹದಿಮೂರಕ್ಕೆ ನಿಂತಿತು.
‘ಕೊಳೆತದ್ದು ಕಳೆದರೆ ಹನ್ನೆರಡು’ ಅಂದ ಹಮಾಲಿ.
ಸರಿ, ಡೋಲು ವಿಮಾನದ ಹೊಟ್ಟೆಗೆ,
ನಾಗಸ್ವರ ಗಂಗುಲಪ್ಪ ಮಾಮನ ಕಂಕುಳಿಗೆ,
ಅತ್ತೆಯ ಧಾರೆ ಸೀರೆಯ ತುಂಡಲ್ಲಿ ಸುತ್ತಿ.

ದೇವನಹಳ್ಳಿ. ಬೆಳಗಿನ ಜಾವ ನಾಲ್ಕು.
ಪರದೆಯ ಮೇಲೆ ಆ ಕೊಳವೆ ಏನಾಗಿ ಕಂಡಿತೋ,
ಮೂವರು ಸೇರಿದರು. ಬಿಚ್ಚಿ ಅಂದರು.
ಸೀವಾಳಿ ಗೊಂಚಲು, ದಾರದ ತುದಿಗೆ
ತಾತನ ಕಾಲದ ಹಿತ್ತಾಳೆ ಸೂಜಿ.
ಸೂಜಿ ಡಬ್ಬಕ್ಕೆ ಬಿತ್ತು. ಬಗ್ಗಿ ನೋಡಿದೆ ಸಾರ್,
ಒಳಗೆಲ್ಲ ಕತ್ತರಿ, ಬ್ಲೇಡು, ಒಂದು ಮಡಿಸೋ ಕತ್ತಿ:
ನಮ್ಮ ಮನೆತನದ ಇನ್ನರ್ಧ ಕಸುಬು
ನಮಗಿಂತ ಮೊದಲೇ ಸಿಕ್ಕಿಬಿದ್ದಿತ್ತು.

‘ಊದಿ ತೋರಿಸಿ’ ಅಂದಳು ಖಾಕಿ ಹುಡುಗಿ, ಹಿಂದಿಯಲ್ಲಿ.
ಒಣ ಸೀವಾಳಿ ಮಾತಾಡಲ್ಲ. ನೆನೀಬೇಕು ಬಾಯಲ್ಲಿ.
ಮಾಮ ಇಟ್ಟುಕೊಂಡ. ಎಂಜಲಿಲ್ಲ!
ನಲವತ್ತು ವರ್ಷ ಯಾವ ಚಪ್ಪರದಲ್ಲೂ ಒಣಗದ ಬಾಯಿ.
ನೀರು ಬಿಡಲ್ಲ ಅಂತ ಯಾರೋ ಹೆದರಿಸಿದ್ದಕ್ಕೆ
ಬಾಗಿಲಲ್ಲೇ ಬಾಟಲಿ ಬಿಸಾಕಿ ಬಂದಿದ್ದೆವು.
ಹಿಂದೆ ಸಾಲು ಗೊಣಗುತ್ತಿತ್ತು.

ಆ ಹುಡುಗಿ ಮೇಜಿನ ಕೆಳಗಿಂದ ತನ್ನ ಬಾಟಲಿ ತೆಗೆದಳು.
ಮಾಮ ಎತ್ತಿ ಕುಡಿಯಲು ಹೋದ, ಊರು ಕಲಿಸಿದ ಅಭ್ಯಾಸ,
ಕೈ ನಡುಗಿ ಅಂಗಿಯೆಲ್ಲ ಒದ್ದೆ.
ಬಾಯಿ ಹಚ್ಚಿ, ಅಂತ ಸನ್ನೆ ಮಾಡಿದಳು.
ಹಚ್ಚಿದ.

ತುಟಿ ಅಲ್ಲಾಡಿಸಬೇಡಿ ಸಾರ್, ಮೀಸೆ ಹತ್ತಿರ ಇದ್ದೀನಿ.

ಆಮೇಲೇನು, ಒಂದೇ ಷಡ್ಜ. ಉದ್ದಕ್ಕೆ.
ಎಲ್ಲ ಸ್ತಬ್ಧವಾಯಿತು ಅಂತ ಸುಳ್ಳು ಹೇಳೊಲ್ಲ,
ಟ್ರೇಗಳು ಬರುತ್ತಲೇ ಇದ್ದವು, ಬೆಲ್ಟು, ಬೂಟು, ಮಗುವಿನ ಹಾಲು.
ಡೋಲಿಲ್ಲದ ನನ್ನ ಬೆರಳು ಮಾತ್ರ
ಸ್ಟೀಲ್ ಮೇಜಿನ ಅಂಚಿಗೆ ಒಂದು ಪೆಟ್ಟು ಹಾಕಿಬಿಟ್ಟಿತು.
ಅದಕ್ಕೆ ಬೈದರು.

ಸೂಜಿಯಾ? ಹೋಯಿತು.
ಮದುವಣಗಿತ್ತಿ ಜಡೆಯಿಂದ ಒಂದು ಪಿನ್ನು ಕಿತ್ತು ಕೊಟ್ಟಳು,
ಅದರಲ್ಲೇ ಮುಹೂರ್ತ ಮುಗಿಸಿದ ಮಾಮ.
ವಾಪಸು ಬರುವಾಗ ಆ ಪಿನ್ನು
ಯಾವ ಯಂತ್ರದ ಕಣ್ಣಿಗೂ ಬೀಳಲಿಲ್ಲ.

ಲೋಷನ್ ಹಾಕಲಾ? ಸ್ವಲ್ಪ ಉರಿಯತ್ತೆ.